ವಿಮಾನ ವಾಲುವುದು ಹೇಗೆ? – ಒಂದು ವಿಮರ್ಶಾ ಪಾಠದ ಅನುಭವ

ಬೀದರ್ ಕಡೆಯ ಮಕ್ಕಳಿಗೆ ವಿಮಾನ ಅಪರೂಪದ ವಸ್ತುವಲ್ಲ. ಬೀದರ್‌ನಲ್ಲಿ ಭಾರತೀಯ ವಾಯುಪಡೆಯ ತರಬೇತಿ ನೆಲೆಯಿದೆ. ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡದ ನೆಲೆಯೂ ಅದೇ. ನಾನು ಇಂಟರ್ನ್‌ಶಿಪ್‌ಗೆ ಹೋಗಿದ್ದ ಪ್ರೌಢಶಾಲೆಯ ಮೇಲೆ ವಾರದಲ್ಲಿ ಹಲವು ದಿನ ಹಾಕ್ ತರಬೇತಿ ವಿಮಾನಗಳು ಹಾದುಹೋಗುತ್ತಿದ್ದವು. ಸದ್ದು ಕೇಳಿದೊಡನೆ ಒಂಬತ್ತನೆಯ ತರಗತಿಯ ಅರ್ಧ ಮಕ್ಕಳ ಕಣ್ಣು ಕಿಟಕಿಯತ್ತ ಹೋಗುತ್ತಿತ್ತು. ಹೇಗೂ ನೋಡುತ್ತಾರೆ, ನೋಡುವುದನ್ನೇ ಪಾಠ ಮಾಡೋಣ ಎಂದುಕೊಂಡು, 'ಬಲ ಮತ್ತು ಚಲನೆಯ ನಿಯಮಗಳು' ಘಟಕದ ಅನ್ವಯವಾಗಿ ವಿಮಾನ ವಾಲುವ ಬಗೆಯನ್ನು ನನ್ನ ವಿಮರ್ಶಾ ಪಾಠಕ್ಕೆ ಆರಿಸಿಕೊಂಡೆ.

ಈ ಲೇಖನಕ್ಕೆ ಎರಡು ಉದ್ದೇಶಗಳಿವೆ. ಒಂದು, ಈ ವಿಷಯವನ್ನು ಪ್ರೌಢಶಾಲೆಯ ಮಟ್ಟದಲ್ಲಿ ಹೇಗೆ ವಿವರಿಸಬಹುದು ಎಂದು ತಿಳಿಸುವುದು. ಇನ್ನೊಂದು, ಅದನ್ನು ಕಲಿಸುವಾಗ ನಾನು ಮಾಡಿದ ಒಂದು ತಪ್ಪನ್ನು ದಾಖಲಿಸುವುದು. ಎರಡನ್ನೂ ಬೇರೆ ಮಾಡಿ ಹೇಳಲು ಬರುವುದಿಲ್ಲ. ಏಕೆಂದರೆ ವಿಷಯ ನನಗೆ ಪೂರ್ತಿ ತಿಳಿದದ್ದು ಆ ತಪ್ಪಿನ ನಂತರವೇ.

ಪೂರ್ವಜ್ಞಾನ ಪರೀಕ್ಷೆ

"ಹಾರುತ್ತಿರುವ ವಿಮಾನ ಎಡಕ್ಕೆ ತಿರುಗಬೇಕಾದರೆ ಪೈಲಟ್ ಏನು ಮಾಡುತ್ತಾನೆ?" ಎಂಬ ಪ್ರಶ್ನೆಯಿಂದ ಪಾಠ ಆರಂಭಿಸಿದೆ. ಬಂದ ಉತ್ತರಗಳು ಹೀಗಿದ್ದವು: ಬಸ್ಸಿನಂತೆ ಸ್ಟಿಯರಿಂಗ್ ತಿರುಗಿಸುತ್ತಾನೆ, ದೋಣಿಯ ಚುಕ್ಕಾಣಿಯಂತೆ ಬಾಲವನ್ನು ತಿರುಗಿಸುತ್ತಾನೆ, ಒಂದು ಕಡೆಯ ಇಂಜಿನ್ ಜೋರು ಮಾಡುತ್ತಾನೆ. ಹಿಂದಿನ ಸಾಲಿನ ಒಬ್ಬ ಹುಡುಗ, "ಹದ್ದು ಹೆಂಗ ಬಾಗತದ, ಹಂಗ ಬಾಗಸ್ತಾನ್ರಿ" ಎಂದ. ನಾಲ್ಕನ್ನೂ ಹಲಗೆಯ ಮೇಲೆ ಬರೆದೆ. ಕೊನೆಯದು ನನ್ನ ಪಾಠ ಯೋಜನೆಯ 'ನಿರೀಕ್ಷಿತ ಉತ್ತರ' ಅಂಕಣದಲ್ಲಿ ಇದ್ದದ್ದರಿಂದ ಅದನ್ನು ಹಿಡಿದು ಮುಂದೆ ಹೋದೆ.

ಬಸ್ಸಿನ ಹೋಲಿಕೆ ಇಲ್ಲಿ ಏಕೆ ನಡೆಯುವುದಿಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಬಸ್ಸು ತಿರುಗುವಾಗ ಅದನ್ನು ಪಕ್ಕಕ್ಕೆ ತಳ್ಳುವುದು ರಸ್ತೆ. ಚಕ್ರಕ್ಕೂ ರಸ್ತೆಗೂ ನಡುವಿನ ಘರ್ಷಣೆ ಆ ಕೆಲಸ ಮಾಡುತ್ತದೆ. ವಿಮಾನದ ಕೆಳಗೆ ರಸ್ತೆಯಿಲ್ಲ. ಅದರ ಮೂಗನ್ನು ಮಾತ್ರ ಎಡಕ್ಕೆ ತಿರುಗಿಸಿದರೆ ವಿಮಾನ ಬಹುಮಟ್ಟಿಗೆ ತಾನು ಹೋಗುತ್ತಿದ್ದ ದಿಕ್ಕಿನಲ್ಲೇ ಅಡ್ಡಡ್ಡ ಜಾರುತ್ತ ಸಾಗುತ್ತದೆ. ದಾರಿ ಬದಲಾಗಬೇಕಾದರೆ ಪಕ್ಕಕ್ಕೆ ಎಳೆಯುವ ಒಂದು ದೊಡ್ಡ ಬಲ ಬೇಕು. ವಿಮಾನದ ಬಳಿ ಇರುವ ಅಂಥ ದೊಡ್ಡ ಬಲವೆಂದರೆ ರೆಕ್ಕೆಯ ಎತ್ತುವ ಬಲ. ಅದನ್ನು ಓರೆ ಮಾಡಿದರೆ ಅದರ ಒಂದು ಭಾಗ ಪಕ್ಕಕ್ಕೆ ಎಳೆಯುತ್ತದೆ. ಹಾಗೆ ಓರೆ ಮಾಡಲು ಇಡೀ ವಿಮಾನವೇ ವಾಲಬೇಕು.

ವಿಷಯ ವಿವರಣೆ

ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಈ ಘಟಕಕ್ಕೆ ಇಷ್ಟು ವಿವರಣೆ ಸಾಕು. ರೆಕ್ಕೆಯ ಮೇಲ್ಭಾಗದ ದಾರಿ ಉದ್ದವಾದ್ದರಿಂದ ಮೇಲಿನ ಗಾಳಿ ವೇಗವಾಗಿ ಓಡಿ, ಹಿಂದುಗಡೆ ಕೆಳಗಿನ ಗಾಳಿಯನ್ನು ಸರಿಯಾದ ಸಮಯಕ್ಕೆ ಕೂಡಿಕೊಳ್ಳುತ್ತದೆ ಎಂಬ ವಿವರಣೆಯನ್ನು ನಾವು ಹಲವರು ಕೇಳಿದ್ದೇವೆ. ಅದು ತಪ್ಪು. ಎರಡೂ ಕಡೆಯ ಗಾಳಿ ಒಂದೇ ಸಮಯಕ್ಕೆ ಕೂಡಬೇಕೆಂಬ ನಿಯಮವಿಲ್ಲ, ನಿಜದಲ್ಲಿ ಹಾಗೆ ಕೂಡುವುದೂ ಇಲ್ಲ. ತರಗತಿಯಲ್ಲಿ ಇದನ್ನು ಹೇಳದಿರುವುದೇ ಒಳ್ಳೆಯದು.

ಪ್ರತಿ ರೆಕ್ಕೆಯ ಹಿಂಭಾಗದ ಅಂಚಿನಲ್ಲಿ, ತುದಿಯ ಹತ್ತಿರ, ಬಾಗಿಲಿನಂತೆ ಕೀಲಿನ ಮೇಲೆ ಆಡುವ ಒಂದು ಪಟ್ಟಿ ಇರುತ್ತದೆ. ಇದೇ ಏಲಿರಾನ್. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ 'ಚಿಕ್ಕ ರೆಕ್ಕೆ' ಎಂದರ್ಥ. ಎರಡೂ ಏಲಿರಾನ್‌ಗಳು ಒಂದಕ್ಕೊಂದು ಎದುರಾಗಿ ಚಲಿಸುತ್ತವೆ: ಒಂದು ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತದೆ. ಪೈಲಟ್ ನಿಯಂತ್ರಣ ದಂಡವನ್ನು ಎಡಕ್ಕೆ ಒತ್ತಿದಾಗ ಎಡ ಏಲಿರಾನ್ ಮೇಲೇಳುತ್ತದೆ, ಬಲ ಏಲಿರಾನ್ ಕೆಳಗಿಳಿಯುತ್ತದೆ.

ಮಕ್ಕಳು ಮೊದಲು ಎಡವುವುದು ಇಲ್ಲಿಯೇ. ಮೇಲೆದ್ದ ಪಟ್ಟಿ ರೆಕ್ಕೆಯನ್ನೂ ಮೇಲಕ್ಕೆ ಒಯ್ಯುತ್ತದೆ ಎಂದು ಅವರು ಭಾವಿಸುತ್ತಾರೆ. ನಡೆಯುವುದು ತದ್ವಿರುದ್ಧ. ಕೆಳಗಿಳಿದ ಪಟ್ಟಿ ಹೆಚ್ಚು ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಆದ್ದರಿಂದ ಆ ರೆಕ್ಕೆ ಮೇಲೇಳುತ್ತದೆ. ಮೇಲೆದ್ದ ಪಟ್ಟಿ ತನ್ನ ರೆಕ್ಕೆಯ ಎತ್ತುವ ಬಲವನ್ನು ಕಡಿಮೆ ಮಾಡುತ್ತದೆ, ಆ ರೆಕ್ಕೆ ಇಳಿಯುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಟೇಬಲ್ ಫ್ಯಾನಿನ ಮುಂದೆ ರಟ್ಟಿನ ತುಂಡೊಂದನ್ನು ಹಿಡಿದು, ಅದರ ಹಿಂದಿನ ಅಂಚನ್ನು ಕೆಳಕ್ಕೆ ಮಡಚಿ, ಮಕ್ಕಳ ಕೈಗೇ ಕೊಡುವುದು ಉತ್ತಮ. ರಟ್ಟು ಮೇಲಕ್ಕೆ ಒತ್ತುವುದು ಕೈಗೆ ತಿಳಿಯುತ್ತದೆ.

ಏಲಿರಾನ್‌ಗಳು ತುದಿಯಲ್ಲೇ ಏಕಿರುತ್ತವೆ? ಬಾಗಿಲಿನ ಹಿಡಿ ಕೀಲಿನಿಂದ ದೂರದಲ್ಲಿರುವ ಕಾರಣವೇ ಇಲ್ಲಿಯೂ. ಒಂದು ಲೆಕ್ಕ ನೋಡೋಣ. ಬಲ ರೆಕ್ಕೆಯಲ್ಲಿ 500 ನ್ಯೂಟನ್ ಬಲ ಹೆಚ್ಚಾಯಿತು, ಎಡ ರೆಕ್ಕೆಯಲ್ಲಿ 500 ನ್ಯೂಟನ್ ಕಡಿಮೆಯಾಯಿತು ಎಂದಿಟ್ಟುಕೊಳ್ಳಿ. ಈ ಬದಲಾವಣೆ ನಡುಭಾಗದಿಂದ 1 ಮೀಟರ್ ದೂರದಲ್ಲಾದರೆ ತಿರುಗಿಸುವ ಪರಿಣಾಮ ಎರಡೂ ಕಡೆ ಸೇರಿ 1000 ನ್ಯೂಟನ್-ಮೀಟರ್. 4 ಮೀಟರ್ ದೂರದಲ್ಲಾದರೆ 4000. ಒಟ್ಟು ಎತ್ತುವ ಬಲದಲ್ಲಿ ವ್ಯತ್ಯಾಸವಿಲ್ಲ, ಅದರ ಹಂಚಿಕೆ ಮಾತ್ರ ಬದಲಾಗಿದೆ. ಇಷ್ಟರಿಂದಲೇ ವಿಮಾನ ವಾಲತೊಡಗುತ್ತದೆ.

ಇನ್ನೊಂದು ಅಂಶವನ್ನು ಪಠ್ಯ ಸಾಮಗ್ರಿಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ದಂಡವನ್ನು ಸ್ವಲ್ಪ ಒತ್ತಿದರೆ ವಿಮಾನ ಸ್ವಲ್ಪ ವಾಲಿ ನಿಲ್ಲುತ್ತದೆ ಎಂದು ಮಕ್ಕಳು ಊಹಿಸುತ್ತಾರೆ. ಹಾಗಲ್ಲ. ದಂಡ ಒತ್ತಿಹಿಡಿದಷ್ಟು ಹೊತ್ತೂ ವಿಮಾನ ವಾಲುತ್ತಲೇ ಹೋಗುತ್ತದೆ. ಆದರೆ ವಾಲುವ ವೇಗ ಮಿತಿಮೀರಿ ಏರುವುದಿಲ್ಲ. ಇಳಿಯುತ್ತಿರುವ ರೆಕ್ಕೆಗೆ ಗಾಳಿ ಕೆಳಗಿನಿಂದ ಬಂದಂತಾಗಿ ಅದರ ಎತ್ತುವ ಬಲ ಹೆಚ್ಚುತ್ತದೆ, ಏರುತ್ತಿರುವ ರೆಕ್ಕೆಯದು ತಗ್ಗುತ್ತದೆ. ಇದು ಏಲಿರಾನ್‌ನ ಪರಿಣಾಮವನ್ನು ಸರಿದೂಗಿಸಿದಾಗ ವಾಲುವ ವೇಗ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಬೇಕಾದಷ್ಟು ವಾಲಿದ ಮೇಲೆ ಪೈಲಟ್ ದಂಡವನ್ನು ಮತ್ತೆ ನಡುವಿಗೆ ತರುತ್ತಾನೆ. ವಾಲುವುದು ನಿಲ್ಲುತ್ತದೆ, ಓರೆ ಹಾಗೆಯೇ ಉಳಿಯುತ್ತದೆ. ನೇರವಾಗಬೇಕಾದರೆ ದಂಡವನ್ನು ಎದುರು ದಿಕ್ಕಿಗೆ ಒತ್ತಬೇಕು.

ಓರೆಯಾದ ವಿಮಾನದಲ್ಲಿ ಎತ್ತುವ ಬಲ ಎರಡು ಕೆಲಸ ಮಾಡಬೇಕು: ತೂಕವನ್ನು ಹೊರಬೇಕು, ಪಕ್ಕಕ್ಕೂ ಎಳೆಯಬೇಕು. ಆದ್ದರಿಂದ ಎತ್ತರ ಕಳೆದುಕೊಳ್ಳದೆ ತಿರುಗಲು ಹೆಚ್ಚು ಬಲ ಬೇಕಾಗುತ್ತದೆ. 30 ಡಿಗ್ರಿ ಓರೆಯಲ್ಲಿ ತೂಕದ ಸುಮಾರು 1.15 ಪಟ್ಟು, 45 ಡಿಗ್ರಿಯಲ್ಲಿ 1.41 ಪಟ್ಟು, 60 ಡಿಗ್ರಿಯಲ್ಲಿ ಸರಿಯಾಗಿ 2 ಪಟ್ಟು. ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 30 ಡಿಗ್ರಿಯೊಳಗೇ ವಾಲುವುದೇಕೆ ಎಂದು ಹತ್ತನೆಯ ತರಗತಿಯ ತ್ರಿಕೋನಮಿತಿ ಓದಿದವರು ತಾವೇ ಲೆಕ್ಕ ಹಾಕಿ ತಿಳಿಯಬಹುದು.

ತರಗತಿಯಲ್ಲಿ ನಡೆದದ್ದು

ಪ್ರಾತ್ಯಕ್ಷಿಕೆಗಾಗಿ ತೆಳು ಥರ್ಮಾಕೋಲ್ ಹಾಳೆಯಿಂದ 50 ಸೆಂ.ಮೀ. ಅಗಲದ ಗ್ಲೈಡರ್ ಮಾಡಿದ್ದೆ. ಮೂಗಿಗೆ ತೂಕಕ್ಕಾಗಿ ಎರಡು ನಾಣ್ಯ, ರೆಕ್ಕೆಯ ತುದಿಗಳಲ್ಲಿ ಟೇಪಿನಿಂದ ಅಂಟಿಸಿದ ರಟ್ಟಿನ ಏಲಿರಾನ್‌ಗಳು. ಕೋಣೆಯಲ್ಲಿ ಹತ್ತು ಸಲ ಹಾರಿಸಿ ನೋಡಿದ್ದೆ. ಆದರೆ ಬೆಳಿಗ್ಗೆ ಬಸ್ಸಿನ ನೂಕುನುಗ್ಗಲಿನಲ್ಲಿ ಬಾಲದ ನೆಟ್ಟನೆಯ ಪಟ್ಟಿ ಮುರಿದು ಅರ್ಧ ಮಾತ್ರ ಉಳಿಯಿತು. ಸರಿಪಡಿಸಲು ಸಮಯವಿರಲಿಲ್ಲ. ಅದನ್ನೇ ಹಿಡಿದು ತರಗತಿಗೆ ಹೋದೆ.

ಎಡ ಏಲಿರಾನ್ ಮೇಲಕ್ಕೆ, ಬಲ ಏಲಿರಾನ್ ಕೆಳಕ್ಕೆ ಮಡಚಿ ಎಸೆದೆ. ಗ್ಲೈಡರ್ ಎಡಕ್ಕೆ ವಾಲಿತು. "ಏನು ಕಂಡಿರಿ?" ಎಂದು ಕೇಳಿದೆ. "ಎಡಕ್ಕೆ ವಾಲಿತು ಸರ್" ಎಂದು ತರಗತಿಯೆಲ್ಲ ಒಟ್ಟಿಗೆ ಹೇಳಿತು. ಮೂರನೆಯ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು.

"ಸರ್, ಅದರ ಮೂಗು ಮೊದಲ ಬಲಕ್ಕ ತಿರುಗಿತ್ರಿ. ವಾಲಿದ್ದು ಎಡಕ್ಕ, ಮೂಗು ಬಲಕ್ಕ."

ನನ್ನ ಯೋಜನೆಯಲ್ಲಿ ಈ ಉತ್ತರಕ್ಕೆ ಜಾಗವಿರಲಿಲ್ಲ. ಗಡಿಯಾರ ನೋಡಿದೆ, ಮೌಲ್ಯಮಾಪನಕ್ಕೆ ಎಂಟು ನಿಮಿಷ ಉಳಿದಿತ್ತು. "ಅದು ನಾನು ಎಸೆದದ್ದರ ದೋಷ, ಅದನ್ನು ಬಿಟ್ಟುಬಿಡಿ" ಎಂದೆ. ಅವಳು ಕುಳಿತಳು. ಪಾಠ ಸರಿಯಾದ ಸಮಯಕ್ಕೆ ಮುಗಿಯಿತು.

ಹಿಂದೆ ಕುಳಿತಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಮೂರೇ ಸಾಲು: "ಬೋಧನೋಪಕರಣ ಉತ್ತಮ. ಸಮಯಪಾಲನೆ ಉತ್ತಮ. ಆ ವಿದ್ಯಾರ್ಥಿನಿ ಏನನ್ನು ನೋಡಿದಳು?" ಮೂರನೆಯ ಸಾಲನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ಘಟಕ ಪರೀಕ್ಷೆಯಲ್ಲಿ, 'ಪ್ರಾತ್ಯಕ್ಷಿಕೆಯಲ್ಲಿ ನೀವು ಗಮನಿಸಿದ್ದನ್ನು ಬರೆಯಿರಿ' ಎಂಬ ಪ್ರಶ್ನೆ ಕೊಟ್ಟಿದ್ದೆ. ಆ ಹುಡುಗಿಯ ಉತ್ತರ ಪತ್ರಿಕೆ ತೆರೆದೆ. 'ಗ್ಲೈಡರ್ ಎಡಕ್ಕೆ ವಾಲಿತು. ಬೇರೇನೂ ಆಗಲಿಲ್ಲ' ಎಂದು ಬರೆದಿದ್ದಳು. ಅಂಕ ಸೂಚಿಯ ಪ್ರಕಾರ ಅದಕ್ಕೆ ಪೂರ್ಣ ಅಂಕ. 'ಬೇರೇನೂ ಆಗಲಿಲ್ಲ' ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ತನ್ನ ಕಣ್ಣಾರೆ ಕಂಡದ್ದನ್ನು ಅವಳು ಅಳಿಸಿಹಾಕಿದ್ದಳು. ಅಳಿಸಲು ಹೇಳಿಕೊಟ್ಟವನು ನಾನು.

ಆ ರಾತ್ರಿ ಹಾಸ್ಟೆಲಿನ ಉದ್ದ ಮೊಗಸಾಲೆಯಲ್ಲಿ ಅದೇ ಮುರುಕು ಬಾಲದ ಗ್ಲೈಡರನ್ನು ಎಸೆದೆ. ಕೋಣೆಯ ಗೆಳೆಯ ಮೊಬೈಲಿನಲ್ಲಿ ಚಿತ್ರೀಕರಿಸಿದ. ನಿಧಾನಗತಿಯಲ್ಲಿ ನೋಡಿದಾಗ ಎಲ್ಲ ಎಸೆತಗಳಲ್ಲೂ ಒಂದೇ ಕಥೆ: ಎಡಕ್ಕೆ ವಾಲುವಾಗ ಮೂಗು ಬಲಕ್ಕೆ. ಏಲಿರಾನ್‌ಗಳನ್ನು ಅದಲುಬದಲು ಮಾಡಿದಾಗ ಬಲಕ್ಕೆ ವಾಲುತ್ತ ಮೂಗು ಎಡಕ್ಕೆ ಹೊರಳಿತು. ಎಸೆತದ ದೋಷವಾಗಿದ್ದರೆ ಅದು ಹೀಗೆ ದಿಕ್ಕು ಬದಲಿಸುತ್ತಿರಲಿಲ್ಲ.

ಅವಳು ಕಂಡದ್ದು ಏನು?

ಕಾರಣ ಹುಡುಕುತ್ತ ಹೋದಾಗ ನಾನು ಬಂದು ನಿಂತದ್ದು ರೈಟ್ ಸಹೋದರರ ಬಳಿ. 1899ರಲ್ಲಿ ಅಮೆರಿಕದ ಡೇಟನ್ ಊರಿನ ತಮ್ಮ ಸೈಕಲ್ ಅಂಗಡಿಯಲ್ಲಿ ವಿಲ್ಬರ್ ರೈಟ್ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಿರುಚುತ್ತಿದ್ದಾಗ, ರೆಕ್ಕೆಗಳನ್ನೂ ಹೀಗೆಯೇ ತಿರುಚಿ ಒಂದು ಕಡೆ ಎತ್ತುವ ಬಲ ಹೆಚ್ಚಿಸಿ ಇನ್ನೊಂದು ಕಡೆ ತಗ್ಗಿಸಬಹುದು ಎಂದು ಹೊಳೆಯಿತು. ಅವರ ವಿಮಾನಗಳಲ್ಲಿ ಏಲಿರಾನ್ ಇರಲಿಲ್ಲ, ರೆಕ್ಕೆಯೇ ತಿರುಚಿಕೊಳ್ಳುತ್ತಿತ್ತು. ತತ್ತ್ವ ಮಾತ್ರ ಒಂದೇ.

1901ರಲ್ಲಿ ಕಿಟಿ ಹಾಕ್ ಮರಳುದಿಣ್ಣೆಗಳಲ್ಲಿ ಗ್ಲೈಡರ್ ಹಾರಿಸಿದಾಗ ಅವರಿಗೆ ವಿಚಿತ್ರ ಅನುಭವವಾಯಿತು. ರೆಕ್ಕೆ ತಿರುಚಿ ಒಂದು ಕಡೆಗೆ ವಾಲಿಸಿದರೆ ಗ್ಲೈಡರ್ ಕೆಲವೊಮ್ಮೆ ಎದುರು ದಿಕ್ಕಿಗೆ ಹೊರಳುತ್ತಿತ್ತು. ನಮ್ಮ ಹುಡುಗಿ ಕಂಡದ್ದು ಇದನ್ನೇ.

ಕಾರಣ ಇದು: ಎತ್ತುವ ಬಲ ಪುಕ್ಕಟೆ ಸಿಗುವುದಿಲ್ಲ. ಹೆಚ್ಚು ಗಾಳಿಯನ್ನು ಕೆಳಕ್ಕೆ ತಳ್ಳುವ ರೆಕ್ಕೆಗೆ ಗಾಳಿಯ ತಡೆಯೂ ಹೆಚ್ಚು. ಎಡಕ್ಕೆ ವಾಲುವಾಗ ಮೇಲೇಳುವುದು ಬಲ ರೆಕ್ಕೆ. ಅದರ ಎತ್ತುವ ಬಲ ಹೆಚ್ಚಿದಂತೆ ಅದು ಹಿಂದಕ್ಕೂ ಹೆಚ್ಚು ಎಳೆಯಲ್ಪಡುತ್ತದೆ. ಬಲ ರೆಕ್ಕೆ ಹಿಂದಾದರೆ ಮೂಗು ಬಲಕ್ಕೆ ತಿರುಗಲೇಬೇಕು. ಒಂದೇ ಪಟ್ಟಿ ಎರಡು ಕೆಲಸ ಮಾಡುತ್ತಿದೆ, ಒಂದು ನಮಗೆ ಬೇಕಾದದ್ದು, ಇನ್ನೊಂದು ಬೇಡವಾದದ್ದು.

1902ರಲ್ಲಿ ರೈಟ್ ಸಹೋದರರು ಗ್ಲೈಡರಿನ ಹಿಂದೆ ಅಲುಗಾಡದ ಎರಡು ನೆಟ್ಟನೆಯ ಪಟ್ಟಿಗಳನ್ನು ಜೋಡಿಸಿದರು. ಅದೂ ಸಾಲಲಿಲ್ಲ. ಕೆಲವು ಸಲ ಗ್ಲೈಡರ್ ತಗ್ಗಿದ ರೆಕ್ಕೆಯ ಕಡೆಗೆ ಜಾರಿ, ರೆಕ್ಕೆಯ ತುದಿ ಮರಳಿಗೆ ನಾಟುತ್ತಿತ್ತು. ಅವರು ತಮಾಷೆಯಾಗಿ ಅದನ್ನು 'ಬಾವಿ ತೋಡುವುದು' ಎನ್ನುತ್ತಿದ್ದರು. ಬಾಲದ ಪಟ್ಟಿ ತಿರುಗುವಂತಿರಬೇಕು ಎಂದು ಆರ್ವಿಲ್ ಸೂಚಿಸಿದ. ಅದನ್ನು ರೆಕ್ಕೆ ತಿರುಚುವ ತಂತಿಗೇ ಜೋಡಿಸೋಣ ಎಂದ ವಿಲ್ಬರ್. ಆಮೇಲೆ ಗ್ಲೈಡರ್ ಹೇಳಿದಂತೆ ಕೇಳಿತು. 1903ರ ಡಿಸೆಂಬರ್ 17ರಂದು ಇಂಜಿನ್ ಹೊತ್ತ ವಿಮಾನ ಹಾರುವ ಮೊದಲೇ ನಿಯಂತ್ರಣದ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿತ್ತು. 1906ರಲ್ಲಿ ಅವರಿಗೆ ದೊರೆತ ಪ್ರಸಿದ್ಧ ಪೇಟೆಂಟಿನ ತಿರುಳು ಇಂಜಿನ್ ಅಲ್ಲ, ಈ ನಿಯಂತ್ರಣ ವಿಧಾನ.

ಅಂದರೆ ಬಾಲದ ರಡ್ಡರ್‌ನ ಮುಖ್ಯ ಕೆಲಸ ದೋಣಿಯಂತೆ ವಿಮಾನವನ್ನು ತಿರುಗಿಸುವುದಲ್ಲ. ವಾಲುವಾಗ ಮೂಗು ತಪ್ಪು ದಿಕ್ಕಿಗೆ ಹೋಗದಂತೆ ಹಿಡಿಯುವುದು. ಬಾಲದ ಅಲುಗಾಡದ ಪಟ್ಟಿಯೂ ಇದಕ್ಕೆ ನೆರವಾಗುತ್ತದೆ. ನನ್ನ ಗ್ಲೈಡರಿನಲ್ಲಿ ಆ ಪಟ್ಟಿ ಮುರಿದಿದ್ದರಿಂದಲೇ ಹೊರಳಿದ್ದು ಬರಿಗಣ್ಣಿಗೆ ಕಂಡಿತು. ಮುಂದಿನ ವಿಮಾನ ತಯಾರಕರು ಬೇರೆ ಉಪಾಯಗಳನ್ನೂ ಕಂಡುಕೊಂಡರು. ಟೈಗರ್ ಮಾತ್ ಎಂಬ ಹಳೆಯ ತರಬೇತಿ ವಿಮಾನದಲ್ಲಿ ಮೇಲೇಳುವ ಏಲಿರಾನ್ ಹೆಚ್ಚು ಏಳುತ್ತದೆ, ಕೆಳಗಿಳಿಯುವುದು ಕಡಿಮೆ ಇಳಿಯುತ್ತದೆ. ಅನೇಕ ದೊಡ್ಡ ಜೆಟ್‌ಗಳಲ್ಲಿ ಇಳಿಯಬೇಕಾದ ರೆಕ್ಕೆಯ ಮೇಲ್ಮೈಯಿಂದ ಸ್ಪಾಯ್ಲರ್ ಎಂಬ ಹಲಗೆ ಮೇಲೇಳುತ್ತದೆ. ಅದು ಆ ರೆಕ್ಕೆಯ ಎತ್ತುವ ಬಲವನ್ನು ತಗ್ಗಿಸುವುದರ ಜೊತೆಗೆ ಅಲ್ಲಿಯ ತಡೆಯನ್ನೂ ಹೆಚ್ಚಿಸುತ್ತದೆ. ಆಗ ಮೂಗು ಬೇಕಾದ ಕಡೆಗೇ ತಿರುಗುತ್ತದೆ.

ಮರುಪಾಠ

ತರಗತಿ ಶಿಕ್ಷಕರಿಂದ ಒಂದು ಅವಧಿ ಬೇಡಿ ಪಡೆದೆ. ಮೊದಲು ಹಲಗೆಯ ಮೇಲೆ ಬರೆದೆ: 'ಹೋದ ವಾರ ನಾನು ಹೇಳಿದ ಒಂದು ಮಾತು ತಪ್ಪು.' ತರಗತಿ ನಿಶ್ಶಬ್ದವಾಯಿತು. ಆ ಹುಡುಗಿ ಹೇಳಿದ್ದನ್ನು ಅವಳ ಮಾತಿನಲ್ಲೇ ನೆನಪಿಸಿ, "ಅವಳು ಕಂಡದ್ದು ನಿಜ, ನಾನು ಅದನ್ನು ನೋಡಲಿಲ್ಲ" ಎಂದೆ.

ಈ ಸಲ ಬಾಲದ ಪಟ್ಟಿಗಳು ಮೂರು: ಮುರಿದ ಅರ್ಧ, ಪೂರ್ತಿ, ಎರಡು ಪಟ್ಟು. ಮಕ್ಕಳನ್ನು ಮೂರು ಗುಂಪು ಮಾಡಿದೆ. ಒಬ್ಬರು ಎಸೆಯುವುದು, ಒಬ್ಬರು ರೆಕ್ಕೆಯನ್ನು ಮಾತ್ರ ನೋಡುವುದು, ಒಬ್ಬರು ಮೂಗನ್ನು ಮಾತ್ರ ನೋಡುವುದು, ಒಬ್ಬರು ಬರೆಯುವುದು. ಪ್ರತಿ ಪಟ್ಟಿಗೂ ಐದು ಎಸೆತ. ಪಟ್ಟಿ ದೊಡ್ಡದಾದಂತೆ ಮೂಗು ಹೊರಳುವುದು ಕಡಿಮೆಯಾಯಿತೆಂದು ಮೂರೂ ಗುಂಪುಗಳ ಕೋಷ್ಟಕ ಹೇಳಿತು. ಕಾರಣವನ್ನು ನಾನು ಹೇಳಲಿಲ್ಲ. "ಯಾವ ರೆಕ್ಕೆಗೆ ಗಾಳಿಯ ತಡೆ ಹೆಚ್ಚು?" ಎಂಬ ಒಂದೇ ಪ್ರಶ್ನೆ ಕೇಳಿದೆ. ಹದ್ದಿನ ಮಾತು ಆಡಿದ್ದ ಹುಡುಗ ಉತ್ತರಿಸಿದ.

ಅವಧಿ ಮುಗಿದ ಮೇಲೆ ಆ ಹುಡುಗಿ ಮೇಜಿನ ಬಳಿ ಬಂದಳು. ಕ್ಷಮೆಯ ಮಾತಿಗೆ ಉತ್ತರ ಹೇಳಲು ಬಂದಿರಬಹುದು ಎಂದುಕೊಂಡೆ. ಅವಳು ಕೇಳಿದ್ದು, "ಸರ್, ನಮ್ಮ ಪರೀಕ್ಷಾ ಪೇಪರ್‌ನ್ಯಾಗ ನಾ ತಪ್ಪು ಬರದೀನ್ರಿ. ತಿದ್ದಿ ಬರೀಲೇನ್ರಿ?" ಪತ್ರಿಕೆಯನ್ನು ಕೊಟ್ಟೆ. 'ಬೇರೇನೂ ಆಗಲಿಲ್ಲ' ಎಂಬುದನ್ನು ಹೊಡೆದು ಹಾಕಿ, ಕೆಳಗೆ ಎರಡು ಸಾಲು ಬರೆದುಕೊಟ್ಟಳು.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಪಾಠ ಯೋಜನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಅಂಕಣ ಬೇಕು, ಅದಿಲ್ಲದೆ ಪಾಠ ದಿಕ್ಕು ತಪ್ಪುತ್ತದೆ. ಆದರೆ ನಾನು ಈಗ ಅದರ ಪಕ್ಕದಲ್ಲಿ ಇನ್ನೊಂದು ಕಿರು ಅಂಕಣವನ್ನು ಖಾಲಿ ಬಿಡುತ್ತೇನೆ. ಅನಿರೀಕ್ಷಿತ ಉತ್ತರ ಬಂದರೆ ಅದನ್ನು ಅಲ್ಲಿ ಮಗುವಿನ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ಸಮಯವಿಲ್ಲದಿದ್ದರೆ "ಇದು ನನಗೆ ಗೊತ್ತಿಲ್ಲ, ನಾಳೆ ನೋಡಿಕೊಂಡು ಬರುತ್ತೇನೆ" ಎನ್ನುತ್ತೇನೆ. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ.

ಪ್ರಾತ್ಯಕ್ಷಿಕೆ ಮಾಡುವವರಿಗೆ ಇನ್ನೊಂದು ಮಾತು. ಉಪಕರಣ ನಾವು ಬಯಸಿದ್ದನ್ನಷ್ಟೇ ತೋರಿಸುವುದಿಲ್ಲ, ನಡೆಯುವುದನ್ನೆಲ್ಲ ತೋರಿಸುತ್ತದೆ. ಮಕ್ಕಳು ಏನು ಕಂಡರೆಂದು ಕೇಳಿದ ಮೇಲೆ, ಅವರು ಹೇಳಿದ್ದನ್ನು ದೋಷ ಎಂದು ತಳ್ಳಿಹಾಕುವ ಮೊದಲು ಒಮ್ಮೆಯಾದರೂ ಮತ್ತೆ ಎಸೆದು ನೋಡಿ. ಅಂದು ನನ್ನ ಬಳಿ ಎಂಟು ನಿಮಿಷ ಇತ್ತು. ಇನ್ನೊಂದು ಎಸೆತಕ್ಕೆ ಅದು ಸಾಕಾಗಿತ್ತು.